ಮಾನವ ಪ್ರೋಟೀನುಗಳ ಕರಡು ನಕ್ಷೆ: ಸಾಕ್ಷ್ಯದ ವಿಚಾರ

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯವರೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರೂ ಕೂಡಿ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಈ ನಕ್ಷೆ ಸಾಹಸದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. 30 ಬಗೆಯ ಮಾದರಿಗಳಿಂದ 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿದುದಾಗಿ ಅದು ಸಾರಿತು. ಇತಿಹಾಸದ ಅಧ್ಯಾಪಕರಾದ ನಮಗೆ ಆ ಸಂಖ್ಯೆಗಿಂತ ಅದರ ಹಿಂದಿನ ಸಾಕ್ಷ್ಯವೇ ಮುಖ್ಯ.

ಈ ವಿಧಾನದಲ್ಲಿ ಇಡೀ ಪ್ರೋಟೀನು ಪರೀಕ್ಷೆಗೆ ಬರುವುದಿಲ್ಲ. ಟ್ರಿಪ್ಸಿನ್ ಅದನ್ನು ತುಂಡರಿಸುತ್ತದೆ. ದ್ರವ ಕ್ರೊಮ್ಯಾಟೊಗ್ರಫಿ ತುಂಡುಗಳನ್ನು ಬೇರ್ಪಡಿಸುತ್ತದೆ. ಮಾಸ್ ಸ್ಪೆಕ್ಟ್ರೋಮೀಟರು ಅವನ್ನು ಮತ್ತೆ ಒಡೆದು ಅಳೆಯುತ್ತದೆ. ಆ ಅಳತೆಗಳನ್ನು ಪಟ್ಟಿಯೊಡನೆ ಹೋಲಿಸಿ ಗಣಕಯಂತ್ರವು ಹೆಸರು ಸೂಚಿಸುತ್ತದೆ. ಒಡೆದ ಶಾಸನವನ್ನು ಓದುವ ಕೆಲಸವೇ ಸರಿ. ಒಂದೇ ತುಂಡು ಹಲವು ಪ್ರೋಟೀನುಗಳಲ್ಲಿರಬಹುದು. ಕೊಟ್ಟಿಗೆಹಾರದ ಕವಲಿನಲ್ಲಿ ಕಂಡ ಪ್ರಯಾಣಿಕನು ಚಾರ್ಮಾಡಿಗೆ ಇಳಿದನೋ ಕಳಸಕ್ಕೆ ತಿರುಗಿದನೋ, ಕಂಡಷ್ಟರಿಂದಲೇ ಹೇಳಲಾಗದು.

ಅದೇ ವರ್ಷ ಸ್ಪೇನಿನ ಸಂಶೋಧಕರು ಎತ್ತಿದ ಆಕ್ಷೇಪ ಯುಕ್ತವಾದುದೆಂದು ನಮ್ಮ ಅಭಿಪ್ರಾಯ. ಮೂಗಿನ ಅಂಗಾಂಶವನ್ನೇ ಪರೀಕ್ಷಿಸದ ನಕ್ಷೆಯಲ್ಲಿ ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ಹಲವಾರು ಕಾಣಿಸಿಕೊಂಡಿದ್ದವು! ಸರಿಯಾದ ಹೊಂದಿಕೆಗಳು ಅವೇ ಪ್ರೋಟೀನುಗಳ ಮೇಲೆ ಕೂಡುತ್ತವೆ. ತಪ್ಪುಗಳಾದರೋ ಹೊಸ ಹೊಸ ಹೆಸರುಗಳ ಮೇಲೆ ಚದರುತ್ತವೆ. ಆದುದರಿಂದ ಸಂಗ್ರಹ ಬೆಳೆದಂತೆ ಅಲ್ಪ ಪ್ರಮಾಣದ ತಪ್ಪೂ ಪಟ್ಟಿಯನ್ನು ಹಿಗ್ಗಿಸುತ್ತದೆ. ಕನಿಷ್ಠ 9 ಅಮೈನೋ ಆಮ್ಲಗಳುಳ್ಳ, ಆ ಪ್ರೋಟೀನಿಗೇ ವಿಶಿಷ್ಟವಾದ 2 ತುಂಡುಗಳಾದರೂ ಇರಬೇಕೆಂದು ಮಾನವ ಪ್ರೋಟಿಯೋಮ್ ಯೋಜನೆಯವರು 2016ರಲ್ಲಿ ವಿಧಿಸಿದ ನಿಯಮವು ಈ ನಕ್ಷೆಗೂ ಅನ್ವಯಿಸತಕ್ಕದ್ದು.