ಸ್ವಭಾವೋಕ್ತಿಯೂ ಡಚ್ಚರ ಚಿತ್ರಕಲೆಯೂ

ಆಂಸ್ಟರ್‌ಡಾಂ ನಗರದ ರಾಷ್ಟ್ರೀಯ ಚಿತ್ರಶಾಲೆಯಾದ ರೈಕ್ಸ್‌ಮ್ಯೂಸಿಯಮ್ಮಿನಲ್ಲಿ ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರ ಕೃತಿಗಳಿಗೇ ಪ್ರಾಧಾನ್ಯವುಂಟು. ಅವುಗಳಲ್ಲಿ ದೇವತೆಗಳಿಗಿಂತ ನಗರವಾಸಿಗಳೂ, ಪುರಾಣಕಥೆಗಿಂತ ಗೃಹಕೃತ್ಯವೂ ಹೆಚ್ಚಾಗಿ ತೋರುವುದರಿಂದ, ಇವು ಕಂಡುದರ ಪ್ರತಿಕೃತಿಗಳೇ ಹೊರತು ಪ್ರತಿಭೆಯ ಫಲಗಳಲ್ಲವೆಂಬ ಆಕ್ಷೇಪವು ಬಹುಕಾಲದಿಂದ ನಡೆದುಬಂದಿದೆ. ಈ ಆಕ್ಷೇಪವು ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ದಂಡಿಯು ಸ್ವಭಾವೋಕ್ತಿಯನ್ನು ಆದ್ಯಾಲಂಕಾರವೆಂದು ಎಣಿಸಿದನು. ಕುಂತಕನಾದರೋ, ವಸ್ತುಸ್ವಭಾವವೇ ಅಲಂಕಾರ್ಯವಾಗಿರುವಲ್ಲಿ ಅದೇ ಅಲಂಕಾರವೂ ಆಗುವುದೆಂತೆಂದು ಅದನ್ನು ನಿರಾಕರಿಸಿದನು.

ಅಲ್ಲಿಯ ಎರಡು ಚಿತ್ರಗಳನ್ನು ವಿಮರ್ಶಿಸಿದರೆ ಈ ವಿವಾದವು ತಿಳಿಯಾಗುವುದು. ವೆರ್ಮೇರನು ಸುಮಾರು ೧೬೬೦ರಲ್ಲಿ ಬರೆದ ಹಾಲು ಸುರಿಯುವ ಸೇವಕಿಯ ಚಿತ್ರವು ಒಂದೂವರೆ ಅಡಿಯಷ್ಟು ಎತ್ತರದ್ದು. ಎಡಗಡೆಯ ಕಿಟಕಿಯ ಬೆಳಕು, ಮೇಜಿನ ಮೇಲೆ ರೊಟ್ಟಿ, ಮಣ್ಣಿನ ಪಾತ್ರೆಗೆ ಬೀಳುವ ಹಾಲಿನ ಸಣ್ಣ ಧಾರೆ, ಬಿಳಿಯ ಗೋಡೆಯಲ್ಲಿ ಒಂದು ಮೊಳೆ: ಇಷ್ಟೇ ವಸ್ತು, ಕಥೆಯೆಂಬುದಿಲ್ಲ. ಆದರೆ ಗೋಡೆಯ ಮೇಲೆ ಹೂಜಿಗಳನ್ನು ತೂಗುಹಾಕುವ ಹಲಗೆಯನ್ನೂ, ಕೆಳಗಡೆ ಬೆಂಕಿಯ ಬುಟ್ಟಿಯನ್ನೂ ವೆರ್ಮೇರನು ಮೊದಲು ಬರೆದು, ಬಳಿಕ ತಾನೇ ಬಣ್ಣದಿಂದ ಮರೆಸಿದನೆಂದು ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಎರಡೂ ಅಂದಿನ ಮನೆಗಳಲ್ಲಿ ಇರತಕ್ಕ ವಸ್ತುಗಳೇ. ಅವುಗಳನ್ನು ಬಿಟ್ಟು ಮೊಳೆಯನ್ನು ಉಳಿಸಿದುದೇಕೆ? ಪ್ರತಿಕೃತಿಯೊಂದೇ ಉದ್ದೇಶವಾಗಿದ್ದರೆ ಈ ತ್ಯಾಗಕ್ಕೆ ಕಾರಣವಿಲ್ಲ. ಗೋಡೆಯು ಬರಿದಾದುದರಿಂದಲೇ ದೃಷ್ಟಿಯು ಚದರದೆ ಹಾಲಿನ ಧಾರೆಯಲ್ಲಿ ನಿಲ್ಲುತ್ತದೆ. ವಸ್ತುವಿಗೆ ಸಾಮಾನ್ಯವೆಂದೂ ವಿಶಿಷ್ಟವೆಂದೂ ಎರಡು ರೂಪಗಳುಂಟು, ಎರಡನೆಯದು ಪ್ರತಿಭೆಗೇ ಗೋಚರವೆಂದು ಮಹಿಮಭಟ್ಟನು ಹೇಳಿದುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವು ದುರ್ಲಭ.

ಹಾಗಾದರೆ ತ್ಯಾಗವೆಲ್ಲವೂ ಗುಣವೇ? ಅಲ್ಲ. ರೆಂಬ್ರಾಂಟನು ೧೬೪೨ರಲ್ಲಿ ಮುಗಿಸಿದ, ‘ರಾತ್ರಿಯ ಕಾವಲು’ ಎಂದು ಪ್ರಸಿದ್ಧವಾದ ಮಹಾಚಿತ್ರವನ್ನು ೧೭೧೫ರಲ್ಲಿ ಪುರಭವನಕ್ಕೆ ಸಾಗಿಸಿದಾಗ, ಗೋಡೆಯ ಅಳತೆಗೆ ಹೊಂದಿಸಲು ನಾಲ್ಕು ಅಂಚುಗಳನ್ನೂ ಕತ್ತರಿಸಿದರು. ಎಡಗಡೆಯಲ್ಲಿ ಹೋದುದೇ ಹೆಚ್ಚು. ಮೊದಲು ಬಲಕ್ಕೆ ಸರಿದಿದ್ದ ನಾಯಕರಿಬ್ಬರು ಈಗ ನಡುವೆ ನಿಂತಿದ್ದಾರೆ. ಪಡೆಯ ಮುಂಗತಿಯು ಕುಂದಿದೆ. ಹಳೆಯ ಪ್ರತಿಯೊಂದರ ಆಧಾರದಿಂದ ಗಣಕಯಂತ್ರದ ನೆರವಿನಲ್ಲಿ ರಚಿಸಿದ ಅಂಚುಗಳನ್ನು ೨೦೨೧ರಲ್ಲಿ ಜೋಡಿಸಿ ತೋರಿಸಿದಾಗ ಈ ನಷ್ಟವು ಪ್ರತ್ಯಕ್ಷವಾಯಿತು. ಒಂದೆಡೆ ತ್ಯಾಗವು ಔಚಿತ್ಯದಿಂದ ಹುಟ್ಟಿತು. ಇನ್ನೊಂದೆಡೆ ಗೋಡೆಯ ಅಳತೆಯಿಂದ.

ಬಟ್ಟೆಯ ನೂಲುಗಳನ್ನೂ ಹಣ್ಣಿನ ಹೊಳಪನ್ನೂ ಎಣಿಸಿ ಬರೆಯುವುದರಲ್ಲಿಯೇ ಕೃತಾರ್ಥವಾಗುವ ಚಿತ್ರಗಳಿಗೆ ಕುಂತಕನ ಆಕ್ಷೇಪವು ಸಲ್ಲತಕ್ಕುದೇ. ಆದರೆ ವೆರ್ಮೇರನ ಚಿತ್ರದಲ್ಲಿ ಸ್ವಭಾವವು ಸಿಕ್ಕಿದುದಲ್ಲ, ಆರಿಸಿ ತೆಗೆದುದು. ದಂಡಿಯ ‘ಆದ್ಯ’ವೆಂಬ ಮಾತು ಅಲ್ಲಿ ಸಾರ್ಥಕವಾಗಿದೆ.