ಪರೇಲಿನಲ್ಲಿ ಜಪಾನೀ ಬನ್ನು: ಒಂದು ರುಚಿವಿಮರ್ಶೆ

ಪರೇಲ್ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಗಿರಣಿಯ ಭೋಂಗಾ. ಪಾಳಿ ಮುಗಿಸಿ ಬಂದವರ ಹಸಿವಿಗೆ ಅಲ್ಲಿ ಇರಾನಿಯವರ ಬನ್ ಮಸ್ಕಾ ಇತ್ತು, ನಮ್ಮವರ ಹೋಟೆಲಿನ ಇಡ್ಲಿ ಸಾಂಬಾರು ಇತ್ತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರು; ಆ ಬಳಿಕ ಗಿರಣಗಾಂವ್ ಹಿಂದಿನಂತಾಗಲೇ ಇಲ್ಲ. ಫೀನಿಕ್ಸ್, ಕಮಲಾ, ಮಥುರಾದಾಸ್ ಮೊದಲಾದ ಗಿರಣಿಗಳ ಆವರಣಗಳಲ್ಲಿ ಈಗಿರುವುದು ಕಚೇರಿಗಳು, ಅಂಗಡಿಗಳು, ಉಪಾಹಾರಗೃಹಗಳು. ಈ ಭಾಗದ ಕೆಲವು ಪುಟ್ಟ ಕೆಫೆಗಳಲ್ಲಿ ಇತ್ತೀಚೆಗೆ ಜಪಾನೀ ಮಾದರಿಯ ಬ್ರೆಡ್ಡು, ಬನ್ನು, ಕೇಕುಗಳ ಹವಾ ಎದ್ದಿದೆ. ಅಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳು ಸಂಜೆ ಅದರ ಪೊಟ್ಟಣವನ್ನು ಮನೆಗೂ ತರುತ್ತಾರೆ. ಆದ್ದರಿಂದ ಅದನ್ನು ತಿಂದು ನೋಡಿ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದು.

ಮೊದಲು ಹಾಲಿನ ಬ್ರೆಡ್ಡು. ಇದಕ್ಕೆ ಪೂರ್ಣ ಅಂಕ ಕೊಡಬೇಕು. ಕೈಯಲ್ಲಿ ಹರಿದರೆ ಎಳೆ ಎಳೆಯಾಗಿ ಬಿಡುತ್ತದೆ, ಮರುದಿನಕ್ಕೂ ಒಣಗುವುದಿಲ್ಲ. ಗುಟ್ಟು ಇಷ್ಟೆ: ಹಿಟ್ಟಿನ ಒಂದು ಪಾಲನ್ನು ಮೊದಲೇ ಕುದಿನೀರಿನಲ್ಲಿ ಕಲಸಿಡುತ್ತಾರೆ. ಆಗ ಹಿಟ್ಟಿನ ಗಂಜಿ ಬೆಂದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಜಪಾನಿನವರು ಯುದಾನೆ ಎನ್ನುತ್ತಾರೆ. ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುವ ನಮ್ಮ ತಾಯಂದಿರಿಗೆ, ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುವವರಿಗೆ, ಇದರ ತತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಜಪಾನೀ ಚೀಸ್ ಕೇಕು. ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು, ಬಿಸಿನೀರಿನ ತಟ್ಟೆಯಲ್ಲಿಟ್ಟು ಬೇಯಿಸಿದ್ದರಿಂದ ಅರಳೆಯಂತೆ ಹಗುರ. ನಾಲಗೆಯ ಮೇಲೆ ಕರಗಿತು ಎನ್ನುವಷ್ಟರಲ್ಲಿ ರುಚಿಯೂ ಮುಗಿದಿರುತ್ತದೆ. ಮೊಟ್ಟೆ ತಿನ್ನದವರು ಇದರ ಗೋಜಿಗೆ ಹೋಗಬಾರದು. ಮೂರನೆಯದು ಮೆಲನ್ ಬನ್ನು. ಹೆಸರು ಕರಬೂಜದ್ದಾದರೂ ಸಾಮಾನ್ಯವಾಗಿ ಇದರಲ್ಲಿ ಹಣ್ಣಿರುವುದಿಲ್ಲ. ಮೇಲಿನ ಬಿಸ್ಕತ್ತಿನ ಹೊದಿಕೆಯಲ್ಲಿ ಎಳೆದ ಗೆರೆಗಳಿಂದ ಆ ಹೆಸರು. ಭಟ್ಟಿಯಿಂದ ಇಳಿದ ಹೊತ್ತಿನಲ್ಲಿ ತಿಂದರೆ ಹೊರಗೆ ಗರಿ, ಒಳಗೆ ಮೆದು. ಗಾಜಿನ ಪೆಟ್ಟಿಗೆಯಲ್ಲಿ ಅರ್ಧ ದಿನ ಕೂತರೆ ಎರಡೂ ಇಲ್ಲ.

ನನ್ನ ತಕರಾರು ಇರುವುದು ನಾಲ್ಕನೆಯದರ ಬಗ್ಗೆ. ಅದೇ ಅನ್‌ಪಾನ್. ಇದರ ಕಥೆಯನ್ನು ಸ್ವಲ್ಪ ಹೇಳಬೇಕು. ಜಪಾನೀ ಭಾಷೆಯಲ್ಲಿ ರೊಟ್ಟಿಗೆ 'ಪಾನ್' ಎಂದು ಹೆಸರು. ಅದು ಪೋರ್ಚುಗೀಸರಿಂದ ಬಂದ ಮಾತು. ಮುಂಬಯಿಯ 'ಪಾವ್' ಬಂದುದೂ ಅಲ್ಲಿಂದಲೇ. ಹೀಗೆ ವಡಾ ಪಾವ್ ಮತ್ತು ಅನ್‌ಪಾನ್ ದಾಯಾದಿಗಳು. ಆದರೆ ಅನ್ನ ತಿನ್ನುವ ಜಪಾನೀಯರಿಗೆ ಬಹುಕಾಲ ಈ ರೊಟ್ಟಿ ಹಿಡಿಸಲಿಲ್ಲ. 1874ರಲ್ಲಿ ಟೋಕಿಯೊದ ಗಿಂಜಾದಲ್ಲಿ ಬೇಕರಿ ಇಟ್ಟಿದ್ದ ಯಾಸುಬೇ ಕಿಮುರಾ ಒಂದು ಉಪಾಯ ಹೂಡಿದ. ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯದ ಹುದುಗನ್ನೇ ಹಿಟ್ಟಿಗೆ ಹಾಕಿ, ಒಳಗೆ ಅಜುಕಿ ಕಾಳಿನ ಸಿಹಿ ಹೂರಣ ತುಂಬಿ ಬನ್ನು ಬೇಯಿಸಿದ. 1875ರ ಏಪ್ರಿಲ್ 4ರಂದು, ಉಪ್ಪಿನಲ್ಲಿಟ್ಟ ಚೆರಿ ಹೂವನ್ನು ನಡುವೆ ಒತ್ತಿ, ಅದನ್ನು ಮೇಜಿ ಚಕ್ರವರ್ತಿಗೆ ಅರ್ಪಿಸಲಾಯಿತು. ಪರದೇಶದ ರೊಟ್ಟಿ ಆ ಹೂರಣದ ದೆಸೆಯಿಂದ ಜಪಾನಿನ ಮನೆಯದಾಯಿತು.

ಅಜುಕಿ ಎಂಬುದು ನಮ್ಮ ಹೆಸರು, ಉದ್ದು, ಅಲಸಂದೆಗಳ ಕುಲದ್ದೇ ಕಾಳು. ಬೇಯಿಸಿ, ಅರೆದು, ಸಿಹಿ ಬೆರೆಸಿ ಕಾಯಿಸುವ ಕ್ರಮವೂ ನಮ್ಮ ಹೋಳಿಗೆಯ ಹೂರಣದ್ದೇ. ಪರೇಲಿನ ಒಂದು ಕೆಫೆಯಲ್ಲಿ ಅನ್‌ಪಾನ್ ಎಂದು ಬರೆದ ಬನ್ನನ್ನು ಮುರಿದರೆ ಒಳಗೆ ಸಿಕ್ಕಿದ್ದು ಚಾಕೊಲೇಟು. ವಿಚಾರಿಸಿದಾಗ, ಕಾಳಿನ ಸಿಹಿ ಇಲ್ಲಿಯ ಗಿರಾಕಿಗಳಿಗೆ ರುಚಿಸದು ಎಂಬ ಉತ್ತರ ಬಂತು. ಹೋಳಿಹುಣ್ಣಿಮೆಗೆ ಪುರಣಪೋಳಿ, ಯುಗಾದಿಗೆ ಹೋಳಿಗೆ ಮಾಡುವ ಊರಿನಲ್ಲಿ ಈ ಮಾತು! 'ಅನ್' ಎಂದರೆ ಹೂರಣ. ಹೂರಣ ತೆಗೆದ ಮೇಲೆ ಅದು ಅನ್‌ಪಾನ್ ಹೇಗಾದೀತು?

ಇಲ್ಲಿಯ ದೋಷ ಕೇವಲ ಒಂದು ಬನ್ನಿನದಲ್ಲ. ಈ ಕೆಫೆಗಳು ಜಪಾನಿನಿಂದ ತಂದದ್ದು ಮೃದುತ್ವವನ್ನು, ಅಂದವಾದ ಪೊಟ್ಟಣವನ್ನು. ಬಿಟ್ಟುಬಂದದ್ದು ಅದರ ವಿವೇಕವನ್ನು. ಹೊರಗಿನಿಂದ ಬಂದುದನ್ನು ತನ್ನ ನಾಲಗೆಗೆ ಒಗ್ಗಿಸಿಕೊಳ್ಳುವುದೇ ನಿಜವಾದ ಜಪಾನೀ ಮಾದರಿ. ಒಂದು ಬನ್ನಿನ ಬೆಲೆಯಲ್ಲಿ ಮನೆಮಂದಿಗೆಲ್ಲ ಸಾಲುವಷ್ಟು ಲಾದಿ ಪಾವ್ ಸಿಗುವಾಗ, ಗಿರಾಕಿ ಇಷ್ಟನ್ನಾದರೂ ಕೇಳಬಹುದು.

ಈ ವಿವೇಕ ಕನ್ನಡಿಗರಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಆರಂಭಿಸಿದ ಬಿ.ಬಿ. ಬೇಕರಿಯನ್ನು ಅಯ್ಯಂಗಾರ್ ಬೇಕರಿಗಳ ಮೂಲವೆನ್ನುತ್ತಾರೆ. ಇಂಗ್ಲಿಷರ ಬನ್ನಿಗೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಬಿದ್ದು ಖಾರಾ ಬನ್ ಆಯಿತು. ತೆಂಗಿನ ತುರಿ ಸಕ್ಕರೆ ತುಂಬಿ ದಿಲ್‌ಪಸಂದ್ ಆಯಿತು. ಮೊಟ್ಟೆಯಿಲ್ಲದೆಯೂ ಕೇಕು ಉಬ್ಬಿತು. ಕಿಮುರಾ ಗಿಂಜಾದಲ್ಲಿ ಮಾಡಿದ ಕೆಲಸವನ್ನೇ ನಮ್ಮವರು ಇಲ್ಲಿ ಮಾಡಿದರು. ಮುಂಬಯಿಯ ಉಪನಗರಗಳಲ್ಲೂ ಇಂದು ಅಯ್ಯಂಗಾರ್ ಬೇಕರಿಗಳಿವೆ. ಅಲ್ಲಿಯ ದಿಲ್‌ಪಸಂದನ್ನು ಹಳೆಯ ಕಾಲದ್ದೆಂದು ಮೂಗು ಮುರಿಯುವ ಮಕ್ಕಳು ಪರೇಲಿನ ಬನ್ನಿಗೆ ಸಾಲು ನಿಲ್ಲುತ್ತಾರೆ. ಅವರನ್ನು ಗದರುವುದರಿಂದ ಪ್ರಯೋಜನವಿಲ್ಲ. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು, ಒಂದೇ ಚಹಾದೊಂದಿಗೆ ತಿನ್ನಿಸಿ ನೋಡಬೇಕು. ಮೃದುತ್ವದಲ್ಲಿ ಪರೇಲು ಗೆಲ್ಲುತ್ತದೆ. ಹೂರಣದಲ್ಲಿ ಗೆಲ್ಲುವುದು ಚಿಕ್ಕಪೇಟೆಯೇ.

ಹಾಗಾದರೆ ಎರಡನ್ನೂ ಕೂಡಿಸುವವರು ಯಾರು? 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಊರಿನ ಊಟವನ್ನೇ ಈ ಮಹಾನಗರಕ್ಕೆ ಬಡಿಸಿದರು. ಮಹಾನಗರ ಅದನ್ನು ಒಪ್ಪಿಕೊಂಡಿತು. ಇಂದು ನಮ್ಮ ಹೋಟೆಲುಗಳಲ್ಲಿ ಪಾವ್ ಭಾಜಿ, ಸ್ಯಾಂಡ್‌ವಿಚ್ ಎಲ್ಲವೂ ಇವೆ. ಆದರೆ ಪಾವು ಸಾಮಾನ್ಯವಾಗಿ ಹೊರಗಿನ ಬೇಕರಿಯದು. ಹಾಲಿನ ಬ್ರೆಡ್ಡಿನ ಆ ಹಿಟ್ಟಿನೊಳಗೆ ಕಡಲೆಬೇಳೆಯ ಹೂರಣವನ್ನೋ ಕಾಯಿ ಬೆಲ್ಲವನ್ನೋ ತುಂಬಿ, ಏಲಕ್ಕಿ ಉದುರಿಸಿ ಬೇಯಿಸಿದರೆ, ಅದು ಪರೇಲಿನಲ್ಲಿಯೂ ಮಾರಾಟವಾಗದೆ ಇರದು. ನಮ್ಮ ಹೋಟೆಲು ಮನೆತನಗಳ ಹೊಸ ತಲೆಮಾರು ಇದನ್ನು ಒಮ್ಮೆ ಪ್ರಯತ್ನಿಸಲಿ. ಮೊದಲ ತಟ್ಟೆಗೆ ಗಿರಾಕಿಯಾಗಲು ಈ ಲೇಖಕ ಸಿದ್ಧ.