ಲೆಕ್ಕ ಬೇರೆ, ಕತೆ ಒಂದೇ

ಸ್ಯಾಕ್ಸನ್ ಗಣಿತಮಾಲೆಯಲ್ಲಿ ಒಂದು ಪುಸ್ತಕದ ಹೆಸರೇ 5/4. ಭಿನ್ನರಾಶಿಯದಿರಬೇಕು ಎಂದುಕೊಂಡು ತೆರೆದರೆ ಒಳಗೆ ಎಲ್ಲ ಬಗೆಯ ಲೆಕ್ಕವೂ ಇದೆ. ಐದನೇ ಕ್ಲಾಸಿನ ಸಾಧಾರಣ ವಿದ್ಯಾರ್ಥಿಗೆ, ಇಲ್ಲವೇ ನಾಲ್ಕನೇ ಕ್ಲಾಸಿನ ಚುರುಕು ವಿದ್ಯಾರ್ಥಿಗೆ ಎಂಬುದು ಆ ಓರೆಗೆರೆಯ ಅರ್ಥ. ಇದರ ಮುಂದಿನವು 6/5, 7/6, 8/7. ಅಮೆರಿಕದ ಮನೆಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಮಾಲೆಯ ಪಾಠಗಳು ನನಗೆ ಅಷ್ಟೇನೂ ಹಿಡಿಸಿಲ್ಲ, ಒಣಗಿದ ಬರವಣಿಗೆ. ಆದರೆ ಆ ಗೆರೆಯ ಪ್ರಾಮಾಣಿಕತೆ ಮೆಚ್ಚುವಂಥದ್ದು. ವಯಸ್ಸು ಒಂದೇ ಆದ ಮಾತ್ರಕ್ಕೆ ಇಬ್ಬರು ಮಕ್ಕಳು ಒಂದೇ ಪುಟದಲ್ಲಿರುವುದಿಲ್ಲ ಎಂಬುದನ್ನು ಪ್ರಕಾಶಕರು ಹೊದಿಕೆಯ ಮೇಲೆಯೇ ಒಪ್ಪಿಕೊಂಡಿದ್ದಾರೆ.

ಮ್ಯಾಥ್-ಯು-ಸೀ ಎಂಬ ಇನ್ನೊಂದು ಮಾಲೆ ಅಂಕಿಯ ಗೊಡವೆಯನ್ನೇ ಬಿಟ್ಟು ಗ್ರೀಕ್ ಅಕ್ಷರಗಳಿಗೆ ಹೋಯಿತು. ಆಲ್ಫಾದಲ್ಲಿ ಒಂದಂಕಿಯ ಕೂಡುವುದು ಕಳೆಯುವುದು, ಬೀಟಾದಲ್ಲಿ ಅದೇ ಲೆಕ್ಕ ಹೆಚ್ಚು ಅಂಕಿಗಳಲ್ಲಿ, ಗ್ಯಾಮಾ ಪೂರ್ತಿ ಗುಣಾಕಾರ, ಡೆಲ್ಟಾ ಪೂರ್ತಿ ಭಾಗಾಕಾರ. ಒಂದು ವಿಷಯ ಕರಗತವಾಗುವವರೆಗೆ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಶಾಲೆ ಬಿಟ್ಟು ಬಂದ ಒಂಬತ್ತರ ಹುಡುಗಿಗೆ ಎಲ್ಲವೂ ಅಷ್ಟಷ್ಟು ಗೊತ್ತಿದ್ದು, ದಶಕ ಒಡೆದು ಕಳೆಯುವಲ್ಲಿ ತಡವರಿಕೆ ಇದ್ದರೆ, ಮಟ್ಟ ಗೊತ್ತುಮಾಡುವ ಪರೀಕ್ಷೆ ಅವಳನ್ನು ಬೀಟಾಗೆ ಕಳಿಸುತ್ತದೆ. ‘ನೀನು ಎರಡನೇ ಕ್ಲಾಸಿಗೆ ವಾಪಸು’ ಎಂದು ಯಾರೂ ಹೇಳಬೇಕಾಗಿಲ್ಲ, ಬೀಟಾ ಎಷ್ಟನೇ ಕ್ಲಾಸು ಎಂದು ಅವಳಿಗೆ ಗೊತ್ತಿಲ್ಲ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಊರಿನ ಅಜ್ಜಿ ‘ಎಷ್ಟನೇ ಕ್ಲಾಸು ಪುಟ್ಟಿ?’ ಎಂದು ಕೇಳುವವರೆಗೂ ಈ ಏರ್ಪಾಡು ಸುಸೂತ್ರ.

ತೊಡಕು ಶುರುವಾಗುವುದು ಮನೆಯಲ್ಲಿ ಇಬ್ಬರು ಮಕ್ಕಳಿದ್ದಾಗ. ಎಂಟರ ಅಕ್ಕ, ಐದರ ತಮ್ಮ, ಒಬ್ಬಳೇ ತಾಯಿ. ಮಾರುಕಟ್ಟೆಯಲ್ಲಿ ಇದಕ್ಕೆ ಸಿದ್ಧ ಉತ್ತರವೆಂದರೆ ಕ್ಲಾಸಿಗೊಂದು ಪೆಟ್ಟಿಗೆ. ಮೂರನೇ ಕ್ಲಾಸಿನ ಪೆಟ್ಟಿಗೆಯಲ್ಲಿ ಗಣಿತ, ಇಂಗ್ಲಿಷ್, ವಿಜ್ಞಾನ, ಇತಿಹಾಸ ಎಲ್ಲ ಒಟ್ಟಿಗೆ, ಕಿಂಡರ್‌ಗಾರ್ಟನ್ ಪೆಟ್ಟಿಗೆಯಲ್ಲಿಯೂ ಹಾಗೆಯೇ. ಎರಡನ್ನೂ ತರಿಸಿದವಳು ಒಂದೇ ಅಡುಗೆಮನೆ ಮೇಜಿನ ಮೇಲೆ ಎರಡು ಶಾಲೆ ನಡೆಸಬೇಕಾಗುತ್ತದೆ. ಅಕ್ಕನಿಗೆ ಈಜಿಪ್ಟ್ ಹೇಳುವಾಗ ತಮ್ಮನಿಗೆ ಅಂಚೆಯಣ್ಣನ ಪಾಠ, ಅವಳಿಗೆ ಗ್ರಹಗಳು ಬಂದ ವಾರ ಇವನಿಗೆ ಎಲೆಗಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥ ಮೇಜಿಗೇ ಹುಟ್ಟಿದ್ದೇನೋ. ಕೆಲವು ತಿಂಗಳಲ್ಲಿ ತಾಯಿ ಸೋಲುತ್ತಾಳೆ, ಮಕ್ಕಳ ಮಟ್ಟ ತಪ್ಪಾಗಿ ಆರಿಸಿದೆನೇನೋ ಎಂದು ಪೇಚಾಡುತ್ತಾಳೆ. ತಪ್ಪಿರುವುದು ಮಟ್ಟದಲ್ಲಲ್ಲ. ಕೂಡಬಾರದ ಎರಡು ಬಗೆಯ ಕಲಿಕೆಯನ್ನು ಒಂದೇ ಅಂಕಿಯ ಕೆಳಗೆ ಕಟ್ಟಿ ಮಾರಿದ್ದರಲ್ಲಿ.

ಓದು, ಬರಹ, ಲೆಕ್ಕ ಮೆಟ್ಟಿಲಿನ ವಿದ್ಯೆಗಳು. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಿಲ್ಲ, ಮೆಟ್ಟಿಲು ಪ್ರತಿ ಮಗುವಿನದೂ ಬೇರೆ. ಇತಿಹಾಸ, ಕತೆ, ಗಿಡಮರ, ನಕ್ಷೆ ಕೇಳಿ ತಿಳಿಯುವ ವಿದ್ಯೆಗಳು. ಅಶೋಕನನ್ನು ತಿಳಿಯುವ ಮೊದಲು ಅಕ್ಬರನನ್ನು ತಿಳಿದರೆ ಯಾವ ಮಗುವಿನ ಬುದ್ಧಿಯೂ ಕುಸಿಯುವುದಿಲ್ಲ. ನಮ್ಮ ಮನೆಗಳಲ್ಲಿ ರಾತ್ರಿ ಅಜ್ಜಿ ಹೇಳುತ್ತಿದ್ದ ಭೀಮ-ಬಕಾಸುರರ ಕತೆಗೆ ಐದರವರೂ ಹನ್ನೆರಡರವರೂ ಕಿವಿ ಕೊಡುತ್ತಿದ್ದರು, ಮಟ್ಟ ಯಾವುದು ಎಂದು ಯಾರೂ ಕೇಳಲಿಲ್ಲ. ಲೆಕ್ಕಕ್ಕೆ ಬೇರೆ ಬೇರೆ ಪುಸ್ತಕ, ಕೇಳುವ ಪಾಠಕ್ಕೆ ಒಂದೇ ಪುಸ್ತಕ. ಒಂದು ಪಠ್ಯಕ್ರಮ ಈ ಎರಡನ್ನೂ ಬಿಡಿಬಿಡಿಯಾಗಿ ಕೊಳ್ಳಲು ಬಿಡುತ್ತದೆಯೇ ಎಂಬುದೇ ಅದನ್ನು ಅಳೆಯಲು ನಾನು ಹಿಡಿಯುವ ಮೊದಲ ಅಳತೆಗೋಲು.

ಈ ಅಳತೆಗೆ ಚೆನ್ನಾಗಿ ನಿಲ್ಲುವುದು ಹಳಬರೇ. ಇಂಗ್ಲೆಂಡಿನ ಶಾರ್ಲೆಟ್ ಮೇಸನ್ (1842–1923) ಮನೆಯಲ್ಲಿ ಕಲಿಸುವ ಕುಟುಂಬಗಳಿಗೆ ಅಂಚೆಯ ಮೂಲಕ ಪಾಠ ಕಳಿಸುವ ಶಾಲೆಯನ್ನು 1891ರಲ್ಲಿ ಆರಂಭಿಸಿದರು. ಆರರಿಂದ ಒಂಬತ್ತರವರೆಗಿನವರು ಒಂದು ಗುಂಪು, ಒಂಬತ್ತರಿಂದ ಹನ್ನೆರಡರವರೆಗಿನವರು ಇನ್ನೊಂದು. ಪುಸ್ತಕದ ಒಂದು ಭಾಗವನ್ನು ಒಮ್ಮೆ ಮಾತ್ರ ಓದಿ ಹೇಳುವುದು, ಬಳಿಕ ಮಗು ತಾನು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು, ಇಷ್ಟೇ ವಿಧಾನ. ಪ್ರಶ್ನಾವಳಿ ಇಲ್ಲ, ಬಿಟ್ಟ ಸ್ಥಳ ತುಂಬುವುದಿಲ್ಲ. ಒಡಹುಟ್ಟಿದವರಿಗೆ ಇದಕ್ಕಿಂತ ಒಪ್ಪುವ ವಿಧಾನವನ್ನು ನಾನು ಕಂಡಿಲ್ಲ, ಏಕೆಂದರೆ ಇಲ್ಲಿ ಮಟ್ಟವನ್ನು ಪುಸ್ತಕ ನಿರ್ಧರಿಸುವುದಿಲ್ಲ, ಮಗುವಿನ ಬಾಯಿ ನಿರ್ಧರಿಸುತ್ತದೆ. ಐದರವನು ‘ಹಾವು ಬಂತು, ರಾಜ ಓಡಿದ’ ಎಂದರೆ ಅವನ ಪಾಠ ಮುಗಿಯಿತು. ಎಂಟರವಳು ಹಾವು ಏಕೆ ಬಂತು ಎಂಬುದನ್ನೂ ಹೇಳುತ್ತಾಳೆ. ಒಂದು ಎಚ್ಚರಿಕೆ ಬೇಕು: ಮೊದಲು ಚಿಕ್ಕವನ ಸರದಿ. ಅಕ್ಕ ಮೊದಲು ಹೇಳಿದಳೋ, ತಮ್ಮ ಅವಳ ಮಾತನ್ನೇ ಒಪ್ಪಿಸಿ ಆಟಕ್ಕೆ ಓಡುತ್ತಾನೆ.

ಜೇನ್ ಕ್ಲೇರ್ ಲ್ಯಾಂಬರ್ಟ್ ಅವರ ಫೈವ್ ಇನ್ ಎ ರೋ (1994) ಕೂಡ ಕೂಡಿ ಕಲಿಯುವ ಪುಸ್ತಕವೇ. ಒಂದೇ ಚಿತ್ರಪುಸ್ತಕವನ್ನು ವಾರದ ಐದು ದಿನವೂ ಓದುವುದು, ದಿನಕ್ಕೊಂದು ದಿಕ್ಕಿನಿಂದ ಮಾತಾಡುವುದು. ಯಾಂಗ್‌ಟ್ಸಿ ನದಿಯ ದೋಣಿಯ ಮೇಲೆ ಬದುಕುವ ಪಿಂಗ್ ಎಂಬ ಬಾತುಕೋಳಿಯ ಕತೆಯಿಂದ ಸೋಮವಾರ ಚೀನಾದ ನಕ್ಷೆ, ಇನ್ನೊಂದು ದಿನ ನೀರಿನಲ್ಲಿ ಏನು ತೇಲುತ್ತದೆ ಎಂಬ ಆಟ, ಹೀಗೆ. ನಾಲ್ಕೈದರ ಮಕ್ಕಳಿಗೆ ಒಂದೇ ಕತೆಯನ್ನು ಮತ್ತೆ ಮತ್ತೆ ಕೇಳುವುದೇ ಸುಖ. ಎಂಟರವಳಿಗೆ ಗುರುವಾರದ ಹೊತ್ತಿಗೆ ಆಕಳಿಕೆ. ಚಿಕ್ಕವರಿಗೆ ಒಳ್ಳೆಯದು, ಕೂಡಿಸುವುದಕ್ಕೆ ಸಾಲದು.

ಹೆಚ್ಚು ಹೊತ್ತು ನಿಲ್ಲಬೇಕಾದ್ದು ಸೂಸನ್ ವೈಸ್ ಬಾವರ್ ಅವರ ಸ್ಟೋರಿ ಆಫ್ ದ ವರ್ಲ್ಡ್ ಎದುರು. ಬಾವರ್ ತಮ್ಮ ತಾಯಿ ಜೆಸ್ಸಿ ವೈಸ್ ಜೊತೆ 1999ರಲ್ಲಿ ಬರೆದ ದ ವೆಲ್-ಟ್ರೇನ್ಡ್ ಮೈಂಡ್, ಜಗತ್ತಿನ ಇತಿಹಾಸವನ್ನು ನಾಲ್ಕು ವರ್ಷದ ಸುತ್ತಾಗಿ ಹಂಚುತ್ತದೆ: ಪ್ರಾಚೀನ, ಮಧ್ಯಯುಗ, ಆಧುನಿಕದ ಆರಂಭ, ಆಧುನಿಕ. ಶಾಲೆಯ ಹನ್ನೆರಡು ವರ್ಷದಲ್ಲಿ ಮೂರು ಸುತ್ತು. ಮೊದಲ ಸುತ್ತಿಗಾಗಿ ಬಂದವು ಸ್ಟೋರಿ ಆಫ್ ದ ವರ್ಲ್ಡ್‌ನ ನಾಲ್ಕು ಸಂಪುಟಗಳು. ಒಡಹುಟ್ಟಿದವರೆಲ್ಲ ಒಂದೇ ಕಾಲಘಟ್ಟ ಓದಲಿ ಎಂಬ ಸಲಹೆಯೂ ದ ವೆಲ್-ಟ್ರೇನ್ಡ್ ಮೈಂಡ್‌ನಲ್ಲಿದೆ, ಸಲಹೆ ಸೊಗಸಾಗಿದೆ. ಮೊದಲ ಸಂಪುಟದಲ್ಲಿ ಮೊಹೆಂಜೊದಾರೊ ಬರುತ್ತದೆ, ರೋಮ್ ಬೀಳುತ್ತದೆ, ಭಾಷೆ ಗಟ್ಟಿಯಾಗಿ ಓದಲೆಂದೇ ಹದ ಮಾಡಿದ್ದು.

ಈಗ ಮೂರು ವರ್ಷದ ಅಂತರದ ಅಕ್ಕ-ತಮ್ಮರನ್ನು ಈ ಸುತ್ತಿನೊಳಗೆ ಇಟ್ಟು ನೋಡಿ. ಅಕ್ಕ ಆರನೇ ವಯಸ್ಸಿಗೆ ಮೊದಲ ಸಂಪುಟ ಹಿಡಿದಾಗ ತಮ್ಮನಿಗೆ ಮೂರು, ಅವನು ಕಾರ್ಪೆಟ್ ಮೇಲೆ ಬ್ಲಾಕು ಜೋಡಿಸುತ್ತಿರುತ್ತಾನೆ. ಅಕ್ಕನಿಗೆ ಒಂಬತ್ತಾಗಿ ನಾಲ್ಕನೆಯ ಸಂಪುಟ ಬರುವ ವರ್ಷವೇ ತಮ್ಮನಿಗೆ ಆರು ತುಂಬಿ ಅವನ ಮೊದಲ ಕ್ಲಾಸು. ನಾಲ್ಕನೆಯ ಸಂಪುಟದಲ್ಲಿರುವುದೇನು? 1857ರ ದಂಗೆ, ಎರಡು ಮಹಾಯುದ್ಧಗಳು, ಯಹೂದಿಗಳ ಹತ್ಯಾಕಾಂಡ, ಅಣುಬಾಂಬು, ಭಾರತದ ವಿಭಜನೆ. ಹಿಂದಿನ ಮೂರಕ್ಕಿಂತ ಇದು ದೊಡ್ಡ ಮಕ್ಕಳಿಗೆ ತಕ್ಕದ್ದು ಎಂದು ಲೇಖಕಿಯೇ ಹೇಳಿದ್ದಾರೆ, ಸರಿಯಾಗಿಯೇ ಹೇಳಿದ್ದಾರೆ. ಒಂದೇ ಮಗುವಿರುವ ಮನೆಗೆ ಹಾಕಿದ ನಕ್ಷೆ ಇದು, ಎರಡನೆಯದು ಬಾಗಿಲು ತೆರೆದು ಒಳಗೆ ಬರುವುದೇ ಅತ್ಯಂತ ಕತ್ತಲಿನ ಕೋಣೆಗೆ. ‘ಎಲ್ಲರೂ ಒಂದೇ ಕಾಲಘಟ್ಟ’ ಎಂಬ ಸಲಹೆಯೂ ‘ಇದು ದೊಡ್ಡವರಿಗೆ’ ಎಂಬ ಎಚ್ಚರಿಕೆಯೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಅಪರೂಪದ ಮನೆಯಲ್ಲಲ್ಲ, ಮೂರು ವರ್ಷದ ಅಂತರ ಎಲ್ಲೆಲ್ಲೂ ಇರುವಂಥದ್ದು.

ನನ್ನ ಅಭಿಪ್ರಾಯದಲ್ಲಿ ಸುತ್ತನ್ನು ಮೂರನೆಯ ಸಂಪುಟದ ಬಳಿಕ ಮುರಿಯುವುದೇ ಸರಿ. ತಮ್ಮನ ಮೊದಲ ಕ್ಲಾಸಿಗೆ ಇಬ್ಬರೂ ಮತ್ತೆ ಮೊದಲ ಸಂಪುಟದ ಈಜಿಪ್ಟಿಗೆ ಹೋಗಲಿ, ಅಕ್ಕ ಈ ಬಾರಿ ಅದೇ ಕಾಲದ ದಪ್ಪ ಪುಸ್ತಕವನ್ನು ತಾನೇ ಓದಲಿ. ಕನ್ನಡದ ಮನೆಯಾದರೆ ನಡುವೆ ಒಂದು ವರ್ಷ ಬಾದಾಮಿಯಿಂದ ಹಂಪಿಯವರೆಗೆ ನಿಧಾನವಾಗಿ ನಡೆದು ಬರಬಹುದು. ಅಮರ ಚಿತ್ರಕಥೆಯ ಹಳೆಯ ಪ್ರತಿಗಳು ಅಟ್ಟದ ಮೇಲೆ ಇದ್ದೇ ಇರುತ್ತವೆ.

ಹೀಗೆ ಸುತ್ತು ಮುರಿಯಲು ಅಂಜಿ, ಕ್ಲಾಸಿನ ಪಟ್ಟಿಗೆ ತಲೆಬಾಗುವ ಭಯ ಎಲ್ಲಿಂದ ಬರುತ್ತದೆ? ಅಷ್ಟಿಷ್ಟು ಕಾನೂನಿನಿಂದ. 1993ರ ಹೊತ್ತಿಗೆ ಮನೆಶಾಲೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧವಾಗಿತ್ತು, ನಿಯಮ ಮಾತ್ರ ರಾಜ್ಯಕ್ಕೊಂದು. ಟೆಕ್ಸಾಸ್‌ನಲ್ಲಿ 1994ರ ಲೀಪರ್ ಮೊಕದ್ದಮೆಯ ತೀರ್ಪಿನ ಪ್ರಕಾರ ಮನೆಶಾಲೆಯೂ ಖಾಸಗಿ ಶಾಲೆಯೇ, ಮಗು ಎಷ್ಟನೇ ಕ್ಲಾಸು ಎಂದು ಸರ್ಕಾರ ಕೇಳುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಪ್ರತಿ ಮಗುವಿನ ಹೆಸರಿನಲ್ಲಿ ವರ್ಷದ ಬೋಧನಾ ಯೋಜನೆ ಕೊಡಬೇಕು, ಅದರಲ್ಲಿ ಕ್ಲಾಸು ಬರೆಯಬೇಕು, ವರ್ಷಕ್ಕೆ ನಾಲ್ಕು ವರದಿ ಬೇರೆ. ಹೀಗಾಗಿ ಟೆಕ್ಸಾಸ್‌ನ ಡಲ್ಲಾಸಿನ ಕನ್ನಡ ತಾಯಿ ಬೀಟಾ ಎಂದು ಬರೆದುಕೊಂಡು ನೆಮ್ಮದಿಯಾಗಿರಬಹುದು, ನ್ಯೂಯಾರ್ಕ್‌ನ ಕ್ವೀನ್ಸಿನವಳು ಯೋಜನೆಯಲ್ಲಿ ಒಂದು ಅಂಕಿ ತುಂಬಲೇಬೇಕು. ಆ ಅಂಕಿ ಕಚೇರಿಗೆ, ಪುಸ್ತಕದ ಆಯ್ಕೆಗಲ್ಲ ಎಂಬುದನ್ನು ಅವಳು ಮರೆಯದಿದ್ದರಾಯಿತು.

ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಹಿರಿಯ ಮನೆಶಾಲೆಯವರ ಮಂತ್ರ: ಅನುಮಾನವಿದ್ದರೆ ಕೆಳಗಿನ ಮಟ್ಟ ತಗೊಳ್ಳಿ. ಲೆಕ್ಕದಲ್ಲಿ ಇದು ನೂರಕ್ಕೆ ನೂರು ನಿಜ. ಸಿಂಗಪುರದ ಪ್ರೈಮರಿ ಮ್ಯಾಥಮ್ಯಾಟಿಕ್ಸ್ ಒಂದನೇ ಕ್ಲಾಸಿನ ಎರಡನೆಯ ಪುಸ್ತಕದಲ್ಲೇ ಗುಣಾಕಾರವನ್ನು ಪರಿಚಯಿಸುತ್ತದೆ. ಬೇರೆ ಮಾಲೆಯಿಂದ ಎರಡನೇ ಕ್ಲಾಸಿಗೆ ನೇರ ಜಿಗಿದವನಿಗೆ ಅಲ್ಲಿ ಬುನಾದಿಯೇ ಇರುವುದಿಲ್ಲ, ಅರ್ಧ ವರ್ಷ ಹಿಂದಿನಿಂದ ಶುರುಮಾಡಿದರೆ ನಷ್ಟವೇನೂ ಇಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ ಶಾಲೆಗಳ ಮೇಲ್ವಿಚಾರಕರಾಗಿದ್ದ ಬೆನೆಝೆಟ್ 1929ರಲ್ಲಿ ಕೆಲವು ತರಗತಿಗಳಲ್ಲಿ ಕ್ರಮಬದ್ಧ ಅಂಕಗಣಿತವನ್ನೇ ಆರನೇ ಕ್ಲಾಸಿನವರೆಗೆ ಮುಂದೂಡಿದರು. ಬದಲಿಗೆ ಮಕ್ಕಳು ಮಾತಾಡಿದರು, ಅಂದಾಜು ಹಾಕಿದರು, ಅಳೆದರು. ತಡವಾಗಿ ಶುರುಮಾಡಿಯೂ ಆ ಮಕ್ಕಳು ಉಳಿದವರನ್ನು ಬೇಗ ಹಿಡಿದರು ಎಂದು ಬೆನೆಝೆಟ್ ವರದಿ ಮಾಡಿದ್ದಾರೆ. ಅಷ್ಟು ದೂರ ಹೋಗುವ ಎದೆಗಾರಿಕೆ ನನಗಂತೂ ಇಲ್ಲ, ಆದರೂ ಆರು ತಿಂಗಳು ಹಿಂದೆ ಬಿದ್ದರೆ ಆಕಾಶ ಬೀಳುವುದಿಲ್ಲ ಎನ್ನಲು ಇಷ್ಟು ಸಾಕು. ಆದರೆ ಅದೇ ಮಂತ್ರವನ್ನು ಕತೆಗೂ ಇತಿಹಾಸಕ್ಕೂ ಜಪಿಸಿದರೆ ಅನ್ಯಾಯವಾಗುವುದು ಅಕ್ಕನಿಗೆ. ತಮ್ಮನಿಗೆ ತಕ್ಕುದನ್ನೇ ಓದಿದರೆ ಎಂಟರವಳು ಎರಡು ವರ್ಷ ಗೊಂಬೆಪುಸ್ತಕದಲ್ಲೇ ಕಳೆಯುತ್ತಾಳೆ. ಕೇಳುವ ಪಾಠದಲ್ಲಿ ಮಟ್ಟ ಮೇಲಕ್ಕಿರಬೇಕು. ತಮ್ಮ ಅರ್ಧ ತಿಳಿದು ಅರ್ಧ ಬಿಡಲಿ, ಭಯ ಹುಟ್ಟಿಸುವುದನ್ನು ಮಾತ್ರ ದೂರ ಇಟ್ಟರಾಯಿತು. ಸನ್‌ಲೈಟ್ ಎಂಬ ಮನೆಶಾಲೆ ಪಠ್ಯಕ್ರಮದವರು ತಮ್ಮ ಕತೆ-ಇತಿಹಾಸದ ಪೆಟ್ಟಿಗೆಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟು, ಹತ್ತಿರದ ವಯಸ್ಸಿನವರು ಒಂದನ್ನೇ ಹಂಚಿಕೊಳ್ಳಲಿ, ಗಣಿತವನ್ನು ಬೇರೆ ಕೊಳ್ಳಲಿ ಎನ್ನುವುದು ಇದೇ ಕಾರಣಕ್ಕೆ. ಬೆಲೆ ಕೈ ಸುಡುತ್ತದೆ, ಕ್ರೈಸ್ತ ಧರ್ಮಪಾಠ ಪೆಟ್ಟಿಗೆಯ ಭಾಗವಾಗಿಯೇ ಬರುತ್ತದೆ, ಆದರೂ ರಚನೆಯಲ್ಲಿ ವಿವೇಕವಿದೆ.

ಇದೇ ಒಗಟನ್ನು ನಮ್ಮ ಕರ್ನಾಟಕದ ಸರ್ಕಾರಿ ಶಾಲೆಗಳು ಬಿಡಿಸಲು ಹೊರಟದ್ದನ್ನು ಇಲ್ಲಿ ನೆನೆಯದಿರಲಾಗದು. ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ, ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿತು. ಭಾಷೆಗೊಂದು ಕಲಿಕಾ ಏಣಿ, ಗಣಿತಕ್ಕೊಂದು ಏಣಿ. ಮಗು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರಬಹುದು. ಅಕ್ಷರಗಳೂ ಅ ಆ ಇ ಈ ಕ್ರಮದಲ್ಲಿಲ್ಲ. ರ, ಗ, ಸ, ದ, ಅ ಕಲಿತೊಡನೆ ‘ಸರ’, ‘ಅರಸ’, ‘ಗರಗಸ’ ಓದಲು ಬರುತ್ತದೆ. ಕಾರ್ಡುಗಳ ರಾಶಿಯಲ್ಲಿ ಶಿಕ್ಷಕರು ಸುಸ್ತಾಗುತ್ತಾರೆ ಎಂಬ ದೂರು ನಿಜವಿರಬಹುದು, ಆದರೆ ಮಟ್ಟ ಎಂಬುದು ಮಗುವಿನ ಹಣೆಗೆ ಹಚ್ಚುವುದಲ್ಲ, ವಿಷಯದ್ದು ಎಂಬ ಮಾತನ್ನು ದುಬಾರಿ ಪೆಟ್ಟಿಗೆಗಳಿಗಿಂತ ಇದು ಸ್ಪಷ್ಟವಾಗಿ ಹೇಳಿತು. ಪರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರಿಗಂತೂ ಈ ಅಕ್ಷರಕ್ರಮ ವರವೇ ಸರಿ, ಅಲ್ಲಿ ಅಕ್ಕನೂ ತಮ್ಮನೂ ಶುರುಮಾಡುವುದು ಒಂದೇ ಮೆಟ್ಟಿಲಿನಿಂದ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಲಿ-ಕಲಿಯಲ್ಲಿ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪು ಇದೆ, ಮನೆಯಲ್ಲಿ ಆ ಗುಂಪೆಂದರೆ ಅಕ್ಕ ಒಬ್ಬಳೇ. ತಮ್ಮನ ಮಗ್ಗಿ ಒಪ್ಪಿಸಿಕೊಳ್ಳುವುದು ವಾರಕ್ಕೊಮ್ಮೆ ಅವಳಿಗೆ ಹೆಮ್ಮೆ, ದಿನವೂ ಆದರೆ ಸಂಬಳವಿಲ್ಲದ ಕೆಲಸ. ಕೂಡಿ ಕಲಿಸುವ ಪಠ್ಯಕ್ರಮಗಳು ‘ದೊಡ್ಡವರು ಚಿಕ್ಕವರಿಗೆ ಕಲಿಸಲಿ’ ಎಂದು ಹಗುರವಾಗಿ ಬರೆದುಬಿಡುವುದನ್ನು ಕಂಡಾಗ ನನಗೆ ಕಸಿವಿಸಿ.

ಇವೆಲ್ಲ ಮಾರ್ಗದರ್ಶಿಗಳು ಮುಟ್ಟದೆ ಬಿಟ್ಟಿರುವ ಸಂಗತಿ ಇನ್ನೊಂದಿದೆ: ತಮ್ಮ ಅಕ್ಕನನ್ನು ದಾಟುವುದು. ಲೆಕ್ಕದಲ್ಲಿ ಇದು ಆಗಾಗ ಆಗುತ್ತದೆ. ಆರರವನು ಅಕ್ಕನ ಪಾಠವನ್ನು ಮೇಜಿನ ಆಚೆಯಿಂದಲೇ ಕೇಳಿಸಿಕೊಂಡು ಉತ್ತರ ಹೇಳಿಬಿಡುತ್ತಾನೆ. ಶಾಲೆಯಾದರೆ ನಡುವೆ ಗೋಡೆಯಿರುತ್ತಿತ್ತು, ಮನೆಯಲ್ಲಿ ಇಲ್ಲ. ಅಕ್ಕನ ಹಳೆಯ ಪುಸ್ತಕದ ಪೆನ್ಸಿಲ್ ಗುರುತು ಅಳಿಸಿ ತಮ್ಮನಿಗೆ ದಾಟಿಸುವ ಉಳಿತಾಯದ ಮನೆಗಳಲ್ಲಿ ನೋವು ಇನ್ನೂ ಹೆಚ್ಚು, ಅವನು ಎಷ್ಟು ಪುಟ ಹಿಂದಿದ್ದಾನೆ ಎಂಬುದನ್ನು ಅವಳು ದಿನವೂ ಎಣಿಸುತ್ತಿರುತ್ತಾಳೆ. ಅನುಭವವುಳ್ಳ ತಾಯಂದಿರು ಇದಕ್ಕೆ ಕಂಡುಕೊಂಡಿರುವ ಉಪಾಯವೆಂದರೆ ಇಬ್ಬರಿಗೂ ಬೇರೆ ಬೇರೆ ಮಾಲೆ ಕೊಡಿಸುವುದು, ಅವಳಿಗೆ ಸಿಂಗಪುರದ್ದಾದರೆ ಅವನಿಗೆ ಗ್ರೀಕ್ ಅಕ್ಷರದ್ದು. ಡೆಲ್ಟಾ ಮುಂದೋ ಸಿಂಗಪುರದ 4ಎ ಮುಂದೋ ಎಂದು ಮಕ್ಕಳಿಗೆ ಹೋಲಿಸಲು ಬರುವುದಿಲ್ಲ. ಖರ್ಚು ಎರಡರಷ್ಟು, ತಾಯಿ ಎರಡು ಬಗೆಯ ಭಾಗಾಕಾರ ಕಲಿಯಬೇಕು, ಹಳೆಯ ಪುಸ್ತಕ ಯಾರಿಗೂ ದಾಟುವುದಿಲ್ಲ. ಇಡೀ ಮನೆಶಾಲೆಯ ಖರ್ಚಿನಲ್ಲಿ ನಾನು ಚೌಕಾಸಿ ಮಾಡದೆ ಒಪ್ಪುವ ಖರ್ಚು ಇದೊಂದೇ.